ಕಾಲು ಚಾಚಿ ಕೂರುವ ತನಕ

ನನ್ನ ಮೊಮ್ಮಗಳಿಗೆ ಮನೆಯಲ್ಲಿ ಮೊದಲ ನೀರು ಹಾಕಿದವಳು ನಾನೇ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ತಲೆಯಿಂದ ಪಾದದವರೆಗೆ ಎಣ್ಣೆ ತಿಕ್ಕಿ, ಬೆಚ್ಚಗಿನ ನೀರು ಹುಯ್ದು, ಒರೆಸಿ ತೊಟ್ಟಿಲಿಗೆ ಹಾಕಿದೆ. ಮಗು ಒಂದು ಸಲ ಅತ್ತಿತು, ಒಂದು ಸಲ ಆಕಳಿಸಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನದನ್ನೆಲ್ಲ ಬರೆದು ಮುಗಿಸುವ ತನಕ ಬಾಯಿ ಕಟ್ಟಿಕೊಂಡಿರಲು ನನ್ನಿಂದ ಆಗದು. ಅವತ್ತು ಹಾಲಿನವನಿಗೆ ಹೇಳಿದೆ, ಎದುರು ಮನೆಯವರಿಗೆ ಕೂಗಿ ಹೇಳಿದೆ, ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದೆ. ಅವನು "ಆಗ್ಲಿ ಬುಡಮ್ಮ, ಇಲ್ಲೊಂದು ಸೈನ್ ಮಾಡಿ" ಅಂದ.

ಅಜ್ಜಿ ಮೊಮ್ಮಗಳಿಗೆ ನೀರು ಹಾಕುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಕೇಳಬಹುದು. ಅದಕ್ಕೆ ಐದು ತಿಂಗಳ ಹಿಂದೆ ನನಗೆ ಕುರ್ಚಿಯಲ್ಲಿ ಕೂರುವುದಕ್ಕೂ ಆಗುತ್ತಿರಲಿಲ್ಲ. ಹಾಗೆ ಮಾಡಿಕೊಂಡವಳೂ ನಾನೇ.

ನಮ್ಮದು ರಾಮನಗರ. ಆಗಿನ್ನೂ ಹೊಸದಾಗಿ ಜಿಲ್ಲೆಯಾಗಿತ್ತು. ನಾನೂ ನಮ್ಮ ಯಜಮಾನರೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದವರು. ಬಿಡದಿ ಕಡೆ ರಸ್ತೆಯುದ್ದಕ್ಕೂ ಫ್ಯಾಕ್ಟರಿ ಶೆಡ್ಡುಗಳು ಎದ್ದ ಮೇಲೆ ನಾವು ಹೋಗುತ್ತಿದ್ದ ನೂಲಿನ ಮನೆ ಮುಚ್ಚಿತು. ಯಜಮಾನರು ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯೂರಿಟಿ ಆದರು. ಯೂನಿಫಾರಂ, ಟೋಪಿ, ಒಂದು ಪೀಪಿ. ನಾನು ಮನೆಯಲ್ಲಿ ಉಳಿದೆ. ಒಬ್ಬಳೇ ಮಗಳನ್ನು ಕನಕಪುರಕ್ಕೆ ಕೊಟ್ಟಿದ್ದೆವು.

ಮಗಳು ಬಸುರಿ ಎಂದು ಫೋನು ಬಂದ ದಿನ ನನಗೆ ಮೊದಲು ನೆನಪಾದದ್ದು ನನ್ನ ಮಂಡಿ. ಚೊಚ್ಚಲ ಬಾಣಂತನ ತವರಿನದು. ಮಗುವಿಗೆ ನೀರು ಹಾಕುವವಳು ಮಣೆಯ ಮೇಲೆ ಕೂತು ಎರಡು ಕಾಲನ್ನೂ ನೇರ ಚಾಚಬೇಕು. ಆ ಕಾಲೇ ಮಗುವಿಗೆ ಹಾಸಿಗೆ. ನನಗೋ ಕಾಲು ಚಾಚಿದರೆ ಮಂಡಿ ಹಿಡಿಯುತ್ತಿತ್ತು. ಟಿವಿ ಹಾಕಿದರೆ ಬೆಳಗಾಗುತ್ತಲೇ ಯಾರಾದರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದ ಕಾಲ ಅದು. ನಮ್ಮ ಬೀದಿಯ ಕೊನೆಯ ಕಲ್ಯಾಣ ಮಂಟಪದಲ್ಲಿ ಯೋಗ ಶಿಬಿರ ನಡೆಯುತ್ತಿತ್ತು. ಸೇರಿದೆ.

ಮಗಳು ಬಿಟ್ಟುಹೋಗಿದ್ದ ಚೂಡಿದಾರ ಹಾಕಿಕೊಂಡು ಹೊರಟಾಗ ಯಜಮಾನರು ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದರು.

"ಏನಮ್ಮಿ, ಕಾಲೇಜ್ ಸೇರ್ಕಂಡ್ಯಾ?"

"ನೀವು ಪೀಪಿ ಊದ್ಕಂಡು ಓಗಿ ಸುಮ್ನೆ" ಅಂದೆ.

ಮೂರು ವಾರ ಚೆನ್ನಾಗಿಯೇ ಇತ್ತು. ಮಂಡಿ ಸಡಿಲವಾಯಿತು. ಗುರುಗಳು ದಿನಾ ಒಂದೇ ಮಾತು ಹೇಳುತ್ತಿದ್ದರು: "ನಿಮಗೆ ಎಷ್ಟಾಗುತ್ತೋ ಅಷ್ಟೇ ಬಗ್ಗಿ. ಪಕ್ಕದವರನ್ನ ನೋಡ್ಬೇಡಿ." ನಾನು ದಿನಾ ಪಕ್ಕದವಳನ್ನು ನೋಡುತ್ತಿದ್ದೆ. ಅವಳು ನಮ್ಮ ಪಕ್ಕದ ಮನೆಯಾಕೆಯೇ, ನನಗಿಂತ ಹತ್ತು ವರ್ಷ ಚಿಕ್ಕವಳು. ಕಾಲು ಚಾಚಿ ಮುಂದಕ್ಕೆ ಬಗ್ಗುವ ಆಸನದಲ್ಲಿ ಅವಳ ಹಣೆ ಮಂಡಿಗೆ ತಾಗುತ್ತಿತ್ತು. ನನ್ನ ಹಣೆಗೂ ಮಂಡಿಗೂ ನಡುವೆ ಒಂದು ಮೊಳ ಜಾಗ.

"ಬೆನ್ ಮೇಲೆ ಒಸಿ ಒತ್ತಮ್ಮಿ" ಅಂದೆ ಒಂದು ದಿನ.

"ಬ್ಯಾಡ ಕಣಕ್ಕ, ಗುರುಗೋಳು ಬೈತಾರೆ."

"ಅವ್ರು ಆಚೆ ಕಡೆ ತಿರುಗವ್ರೆ, ಒತ್ತು ನೀನು."

ಅವಳು ಮೂಟೆಗೆ ಅವರೆಕಾಯಿ ತುಂಬುವಾಗ ಅಮುಕುವ ಹಾಗೆ ಎರಡೂ ಕೈಯಿಂದ ಅಮುಕಿದಳು. ಬಲ ತೊಡೆಯ ಹಿಂದೆ, ಕೂರುವ ಮೂಳೆಯ ಹತ್ತಿರ, ಪಟ್ ಅಂತು. ಹಣೆ ಮಂಡಿಗೆ ತಾಗಿತ್ತು. ಮೇಲೆ ಏಳುವುದಕ್ಕೆ ಮಾತ್ರ ನಾಲ್ಕು ಜನ ಬೇಕಾದರು. ಗುರುಗಳು ಏನಾಯಿತೆಂದು ಕೇಳಿದರು. ನಾವಿಬ್ಬರೂ ಹೇಳಲಿಲ್ಲ.

ನಾನು ಮಾಡಿಕೊಂಡ ಎರಡನೆಯ ತಪ್ಪು, ಆಸ್ಪತ್ರೆಗೆ ಹೋಗುವ ಮೊದಲು ಕೂಟಗಲ್ಲು ಹಳ್ಳಿಯಿಂದ ಬರುವ, ಉಳುಕು ತೆಗೆಯುವ ಒಬ್ಬಾಕೆಯ ಕೈಯಲ್ಲಿ ಎಣ್ಣೆ ಹಾಕಿ ಜೋರಾಗಿ ನೀವಿಸಿಕೊಂಡದ್ದು. ತೊಡೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಯ ಡಾಕ್ಟರು ನೋಡಿ, ತೊಡೆಯ ಹಿಂದಿನ ಸ್ನಾಯು ಅರ್ಧ ಹರಿದಿದೆ, ತಿಕ್ಕಬಾರದು, ಬಗ್ಗಬಾರದು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು. ಮಾತ್ರೆ ಕೊಟ್ಟರು. ನಡೆಯುವುದು ಹೇಗೋ ಆಗುತ್ತಿತ್ತು. ಕೂತರೆ ಮಾತ್ರ ಬೆಂಕಿಯ ಮೇಲೆ ಕೂತಂತೆ. ಊಟ ನಿಂತುಕೊಂಡೇ, ಟಿವಿ ಗೋಡೆಗೆ ಒರಗಿಯೇ.

ಮಗಳನ್ನು ನೋಡಿಬರಲು ಕನಕಪುರಕ್ಕೆ ಹೋದಾಗ ಅರ್ಧ ಬಸ್ಸು ಖಾಲಿ ಇತ್ತು. ಕಂಡಕ್ಟರು "ಸೀಟೈತಲ್ಲಮ್ಮ, ಕೂತ್ಕಳಿ" ಅಂದ. "ನಿಂತೇ ಬತ್ತೀನಿ ಬುಡಪ್ಪ" ಅಂದೆ. ಬೀಗರ ಮನೆಯಲ್ಲಿಯೂ ಒಂದು ಗಂಟೆ ಕಂಬ ಹಿಡಿದು ನಿಂತಿದ್ದೆ. ನಮ್ಮ ಬೀಗಿತ್ತಿ, ಎಂದರೆ ನನ್ನ ಅಳಿಯನ ತಾಯಿ, ಚುರುಕು ಕಣ್ಣಿನ ಹೆಂಗಸು.

"ಯಾಕ್ ಬೀಗ್ರೇ, ನಮ್ ಮನೆ ಕುರ್ಚಿ ಕಚ್ತದಾ?"

"ಬಸ್ಸಲ್ಲಿ ಕೂತೂ ಕೂತೂ ಸಾಕಾಗೈತೆ ಕಣಕ್ಕ."

ನಾನು ಹೇಳದಿದ್ದುದಕ್ಕೆ ಕಾರಣವಿತ್ತು. ಆಕೆ ಆರು ಮೊಮ್ಮಕ್ಕಳಿಗೆ ನೀರು ಹಾಕಿದವರು. ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಗೊತ್ತಾದರೆ ಬಾಣಂತನ ಕನಕಪುರದಲ್ಲೇ ಎಂದುಬಿಡುತ್ತಿದ್ದರು. ನನಗಿರುವುದು ಒಬ್ಬಳೇ ಮಗಳು. ಚೊಚ್ಚಲು ಕೈ ತಪ್ಪಿದರೆ ಮತ್ತೊಂದು ಚೊಚ್ಚಲು ಇಲ್ಲ.

ಸೂಜಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಅದೇ ಪಕ್ಕದ ಮನೆಯಾಕೆ. ನನ್ನನ್ನು ಅಮುಕಿದಂದಿನಿಂದ ದಿನಾ ಒಂದು ಬಟ್ಟಲು ಏನಾದರೂ ತಂದುಕೊಡುತ್ತಿದ್ದಳು. "ಚನ್ನಪಟ್ಟಣದಲ್ಲಿ ಒಬ್ರು ಲೇಡಿ ಡಾಕ್ಟ್ರವ್ರಂತೆ, ಕೂದ್ಲಂಗಿರೋ ಸೂಜಿ ಚುಚ್ತಾರಂತೆ ಕಣಕ್ಕ" ಅಂದಳು. "ಒತ್ತಿದ್ದಾಯ್ತು, ಈಗ ಚುಚ್ಚಿಸ್ತೀಯಾ?" ಅಂದೆ. ಅವಳ ಕಣ್ಣಲ್ಲಿ ನೀರು ಬಂತು. ಆದ್ದರಿಂದ ಹೋದೆ.

ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ, ಬಾಗಿಲಲ್ಲಿ ಅಕ್ಯುಪಂಕ್ಚರ್ ಎಂಬ ಬೋರ್ಡು. ಹೊರಗಿನ ಬೆಂಚಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಕುತ್ತಿಗೆ ಹಿಡಿದುಕೊಂಡು ಕೂತಿದ್ದರು. ಗೊಂಬೆ ಕಡೆಯುವ ಒಬ್ಬ ಮುದುಕರು ಮೊಣಕೈ ತೋರಿಸಲು ಬಂದಿದ್ದರು. ನಿಂತಿದ್ದವಳು ನಾನೊಬ್ಬಳೇ. ಡಾಕ್ಟರಮ್ಮ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಆಸ್ಪತ್ರೆಯ ಚೀಟಿ ಓದಿದರು, ತೊಡೆ ಮುಟ್ಟಿ ನೋಡಿದರು, ಆಮೇಲೆ ಯಾರೂ ಕೇಳದಿದ್ದುದನ್ನು ಕೇಳಿದರು.

"ವಾಸಿಯಾದ್ಮೇಲೆ ನಿಮಗೆ ಏನು ಮಾಡೋಕಾಗಬೇಕಮ್ಮ?"

"ಮಗೀನ ಕಾಲ್ ಮೇಲಾಕ್ಕಂಡು ನೀರಾಕ್ಬೇಕು ಕಣವ್ವ."

"ಹುಟ್ಟಿದ್ಯಾ ಮಗು?"

"ಇನ್ನು ನಾಕು ತಿಂಗ್ಳೈತೆ."

"ಹಾಗಾದ್ರೆ ಟೈಮ್ ಇದೆ" ಅಂದರು.

ಬೋರಲು ಮಲಗಿಸಿ ಸೊಂಟಕ್ಕೆ, ಮಂಡಿಯ ಹಿಂದಕ್ಕೆ, ಹಿಮ್ಮಡಿಯ ಪಕ್ಕಕ್ಕೆ ಸೂಜಿ ಹಾಕಿದರು. ಚುಚ್ಚಿದ್ದು ಇರುವೆ ಕಡಿದಷ್ಟು, ಆಮೇಲೆ ಒಳಗೆ ಜುಂ ಅನ್ನುವುದು. ಅರ್ಧ ಗಂಟೆ ಅಲ್ಲಾಡದೆ ಮಲಗಬೇಕಿತ್ತು. ಮೊದಲ ದಿನ ನಿದ್ದೆ ಬಂತು, ಗೊರಕೆ ಹೊಡೆದೆನಂತೆ. ಎರಡು ವಾರಕ್ಕೆ ಬೆಂಕಿ ಹೋಗಿ ಕೆಂಡವಾಯಿತು. ಅದನ್ನು ಹೇಳಿದಾಗ ಡಾಕ್ಟರಮ್ಮ ಹಿಗ್ಗಲಿಲ್ಲ. "ಸೂಜಿ ನೋವು ತಗ್ಗಿಸುತ್ತೆ ಅಷ್ಟೇ. ಹರಿದಿರೋದು ತಾನಾಗೇ ಕೂಡಬೇಕು. ಅದಕ್ಕೆ ನೀವು ಮೆತ್ತಗೆ ಕೆಲಸ ಕೊಡಬೇಕು" ಎಂದು ಹೇಳಿ, ಮಲಗಿಕೊಂಡು ಮಾಡುವ ಯೋಗ ಹೇಳಿಕೊಟ್ಟರು. ಮಂಡಿ ಮಡಚಿ ಹಿಮ್ಮಡಿ ಜಾರಿಸುವುದು, ಸೊಂಟವನ್ನು ನಾಲ್ಕು ಬೆರಳು ಎತ್ತುವುದು, ಉಸಿರು ಬಿಡುತ್ತ ಇಳಿಸುವುದು. ನೋಡಿದವರು ಇವಳು ಮಲಗಿದ್ದಾಳೆ ಅಂದುಕೊಳ್ಳಬೇಕು, ಅಷ್ಟು ಮೆತ್ತಗೆ. ಒಂದೇ ಕಟ್ಟಳೆ: ನೋವಾದಾಗ ಅಲ್ಲ, ಎಳೆತ ಗೊತ್ತಾದಾಗಲೇ ನಿಲ್ಲಿಸಬೇಕು.

ಅದು ನನಗೆ ಕಷ್ಟವಾಯಿತು. ನೋವು ಗೊತ್ತು, ಎಳೆತ ಯಾವುದೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ಚಾಪೆಯ ಮೇಲೆ ಮಲಗಿದ್ದಾಗ ನೂಲಿನ ಕೆಲಸ ನೆನಪಿಗೆ ಬಂತು. ಗೂಡಿನ ಎಳೆ ಕಡಿಯುವ ಮೊದಲು ಬೆರಳಿಗೆ ಒಂದು ಬಿಗಿ ಗೊತ್ತಾಗುತ್ತದೆ. ಆಗಲೇ ರಾಟೆ ನಿಧಾನ ಮಾಡಿದರೆ ಎಳೆ ಉಳಿಯುತ್ತದೆ. ಆ ಬಿಗಿಯನ್ನು ತೊಡೆಯಲ್ಲಿ ಹುಡುಕಿದೆ. ಇತ್ತು.

ಮಗಳಿಗೆ ಏಳನೆಯ ತಿಂಗಳು ಹಿಡಿಯುವ ಹೊತ್ತಿಗೆ ಕಂಬಳಿ ಮಡಚಿ ಅದರ ಮೇಲೆ ಕೂತು, ಬೆನ್ನು ಗೋಡೆಗೆ ಕೊಟ್ಟು, ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಕಾಲು ಚಾಚುವಷ್ಟಾದೆ. ಡಾಕ್ಟರಮ್ಮ ಭಾರ ಇಟ್ಟು ಅಭ್ಯಾಸ ಮಾಡಿ ಅಂದರು. ದಿಂಬಿನ ಕವರಿಗೆ ಒಂದು ಕೆಜಿ ರಾಗಿ ತುಂಬಿ ಕಟ್ಟಿ ಕಾಲ ಮೇಲೆ ಮಲಗಿಸಿಕೊಂಡೆ. ವಾರಕ್ಕೆ ಇಷ್ಟಿಷ್ಟು ಹೆಚ್ಚಿಸಿದೆ. ಮೂರು ಕೆಜಿ ಆದ ಮೇಲೆ ಬಚ್ಚಲಿಗೇ ಹೋಗಿ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಗಂಟನ್ನು ಬೋರಲು ಹಾಕಿಕೊಂಡು, ಖಾಲಿ ಚೊಂಬಿನಿಂದ ನೀರು ಹುಯ್ಯುವ ಹಾಗೆ ಮಾಡಿ, ಬೆನ್ನು ತಟ್ಟುತ್ತಿದ್ದೆ. ತಲೆ ಎತ್ತಿದರೆ ಬಚ್ಚಲ ಬಾಗಿಲಲ್ಲಿ ಬೀಗಿತ್ತಿ. ಕೈಯಲ್ಲಿ ಕೊಬ್ಬರಿ ಬೆಲ್ಲದ ಚೀಲ. ಮೊದಲ ಬಸ್ಸಿಗೇ ಬಂದಿದ್ದಾರೆ.

"ಏನ್ ಬೀಗ್ರೇ, ಮೊಳ್ಕೆ ಬರುಸ್ತಿದ್ದೀರಾ?"

ಇನ್ನು ಮುಚ್ಚಿಡುವುದು ಹೇಗೆ? ಕಲ್ಯಾಣ ಮಂಟಪದಿಂದ ಹಿಡಿದು ಎಲ್ಲ ಹೇಳಿದೆ. ಬೀಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ರಾಗಿ ಅಳಕಿಲ್ಲ, ಒದೀಕಿಲ್ಲ, ಎಣ್ಣೆ ಆಕುದ್ರೆ ಜಾರಕಿಲ್ಲ. ಮಗು ಜಾರುದ್ರೆ? ಕನಕಪುರ್ದಲ್ಲೇ ಆಗ್ಲಿ ಬುಡಿ ಬಾಣಂತನ. ನಾನಿಲ್ವಾ?"

"ಇನ್ನೂ ಎರಡ್ ತಿಂಗ್ಳೈತೆ ಕಣಕ್ಕ. ಮೊದ್ಲ ನೀರು ನಿಮ್ ಕಣ್ ಮುಂದೇನೇ ಆಕ್ತೀನಿ. ಕೈ ನಡುಗಿದ್ರೆ ಅವತ್ತೇ ತಾಯಿ ಮಗೂನ ಕರ್ಕಂಡೋಗಿ. ನಾನು ತುಟಿ ಪಿಟಿಕ್ಕನ್ನಕಿಲ್ಲ."

"ಮಾತು ಮಾತೇಯಾ?"

"ಮಾತು ಮಾತೇ."

ಹೆಣ್ಣು ಮಗು ಹುಟ್ಟಿತು. ಮೂರು ಕೆಜಿಗೆ ಒಂದು ಹಿಡಿ ಕಡಿಮೆ. ಹೊಕ್ಕುಳ ಬಳ್ಳಿ ಉದುರುವ ತನಕ ನೀರು ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮಗಳು ಮಗುವಿನೊಡನೆ ನಮ್ಮ ಮನೆಗೆ ಬಂದಳು. ನಾನು ದಿನಾ ಹೊಕ್ಕುಳು ನೋಡುತ್ತಿದ್ದೆ. ಉದುರಿದ ದಿನವೇ ಕನಕಪುರಕ್ಕೆ ಫೋನು ಮಾಡಿಸಿದೆ. ಮಾರನೆಯ ದಿನ ಬೀಗಿತ್ತಿ, ಬೀಗರು, ಅಳಿಯ ಮೂವರೂ ಬಂದರು.

ಬಚ್ಚಲಲ್ಲಿ ಕಂಬಳಿ ಮಡಚಿ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕೂತೆ. ಬೀಗಿತ್ತಿ ಎದುರಿಗೆ ಮಣೆ ಹಾಕಿಕೊಂಡರು.

"ಸಿಮ್ಮಾಸನ ಜೋರಾಗೈತೆ" ಅಂದರು.

ಮೊಣಕೈ ಅದ್ದಿ ನೀರಿನ ಬಿಸಿ ನೋಡಿದೆ. ಮಗಳು ಮಗುವನ್ನು ತಂದು ಕಾಲ ಮೇಲೆ ಮಲಗಿಸಿ ಬಾಗಿಲಲ್ಲೇ ನಿಂತಳು. ಮಗು ಬೆಚ್ಚಗಿತ್ತು, ಅಲ್ಲಾಡುತ್ತಿತ್ತು. ಎದೆ, ತೋಳು, ಹೊಟ್ಟೆ ಆಯಿತು. ಬೋರಲು ಮಾಡಿ ಬೆನ್ನಿಗೆ ನೀರು ಹುಯ್ಯುವಾಗ ಮಗು ಅಳಲು ಶುರು ಮಾಡಿತು, ಕಾಲು ಒದೆಯಿತು. ಹಿಡಿಯಲು ತುಸು ಮುಂದಕ್ಕೆ ಬಗ್ಗಿದೆ. ಬಲ ತೊಡೆಯ ಹಿಂದೆ ಬಿಗಿ ಗೊತ್ತಾಯಿತು.

ನೋವಲ್ಲ, ಬಿಗಿ. ಇನ್ನೆರಡು ಚೊಂಬು ನೀರು ಹುಯ್ದರೆ ಮುಗಿಯುತ್ತಿತ್ತು. ಬೀಗಿತ್ತಿಯ ಕಣ್ಣು ನನ್ನ ಕೈಯ ಮೇಲೇ ಇತ್ತು. ಹಲ್ಲು ಕಚ್ಚಿ ಮುಗಿಸಿಬಿಡಲೇ ಅನ್ನಿಸಿತು. ಚೊಂಬು ಕೆಳಗಿಟ್ಟೆ.

"ಅಕ್ಕಾ, ಒಸಿ ಇಡ್ಕಳಿ. ಕಾಲು ಸರಿ ಮಾಡ್ಕಬೇಕು."

ಬೀಗಿತ್ತಿ ಮಗುವನ್ನು ಎತ್ತಿಕೊಂಡು ಒಣ ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡರು. ನಾನು ಹಿಂದಕ್ಕೆ ಸರಿದು, ಬೆನ್ನು ಗೋಡೆಗೆ ಕೊಟ್ಟು, ಮಂಡಿ ಮಡಚಿ, ಉಸಿರು ಬಿಟ್ಟು, ಮತ್ತೆ ನಿಧಾನವಾಗಿ ಕಾಲು ಚಾಚಿದೆ. ಮಗು ಅವರ ಕೈಯಲ್ಲಿ ಅಳು ನಿಲ್ಲಿಸಿತ್ತು. ಇನ್ನು ಕೊಡುವುದಿಲ್ಲ, ಮಿಕ್ಕ ನೀರು ಅವರೇ ಹಾಕುತ್ತಾರೆ, ಮಧ್ಯಾಹ್ನದ ಬಸ್ಸಿಗೆ ಮಗಳ ಬಟ್ಟೆ ಕಟ್ಟುವುದು ಎಂದುಕೊಂಡೆ.

"ಆಯ್ತಾ?" ಅಂದರು ಬೀಗಿತ್ತಿ.

"ಆಯ್ತು."

ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿ, ಚೊಂಬು ತಾವು ತೆಗೆದುಕೊಂಡರು.

"ನಾನು ಉಯ್ತೀನಿ, ನೀವು ತಿಕ್ಕಿ. ನಾನು ಮೊದ್ಲನೇ ಮೊಮ್ಮಗೀಗೆ ನೀರಾಕುವಾಗ ಸೊಂಟ ಇಡ್ಕಂಡಿತ್ತು. ಬಾಯ್ ಬುಡ್ನಿಲ್ಲ. ಮಗು ಜಾರಿ ಮಣೆಗೆ ತಗಲ್ತು. ದ್ಯಾವ್ರು ದೊಡ್ಡೋನು, ಏನೂ ಆಗ್ನಿಲ್ಲ. ಅವತ್ತಿಂದ ನಂಗೆ ಅದೇ ದಿಗಿಲು." ಚೊಂಬು ತುಂಬಿಕೊಂಡರು. "ಇಡ್ಕಳಿ ಅಂದ್ರಲ್ಲ, ಸಾಕು. ಇಲ್ಲೇ ಇರ್ಲಿ ತಾಯಿ ಮಗು."

ಬಾಗಿಲಲ್ಲಿದ್ದ ಮಗಳು ಅಳುತ್ತ ನಗುತ್ತಿದ್ದಳು. ನಾನು ತಿಕ್ಕಿದೆ, ಅವರು ಹುಯ್ದರು. ಮಗು ಆಕಳಿಸಿದ್ದು ಆಗ.

ಸಂಜೆ ಹೊರಟಿದ್ದ ಬೀಗರನ್ನು ಯಜಮಾನರು ಬಿಡಲಿಲ್ಲ. ಡ್ಯೂಟಿ ಮುಗಿಸಿಕೊಂಡು ಬಂದವರು ಯೂನಿಫಾರಮ್ಮಿನಲ್ಲೇ ಬಾಗಿಲಿಗೆ ಅಡ್ಡ ನಿಂತು ಪೀಪಿ ಊದಿದರು. "ಗೇಟ್ ಪಾಸ್ ಇಲ್ದೆ ಯಾರ್ನೂ ಬುಡಕಿಲ್ಲ ಬೀಗ್ರೇ, ಮುದ್ದೆ ಉಂಡೇ ಓಗ್ಬೇಕು." ಬೀಗಿತ್ತಿ ಮುದ್ದೆ ಕಟ್ಟಿದರು, ನಾನು ಅವರೆಕಾಳು ಸಾರು ಮಾಡಿದೆ, ಬಾಣಂತಿಗೆ ಬೇರೆಯಾಗಿ ಮೆಣಸಿನ ಸಾರು. ಪಕ್ಕದ ಮನೆಯಾಕೆ ಉಪ್ಪಿನಕಾಯಿ ಹಿಡಿದುಕೊಂಡು ಬಂದವಳು ಅಲ್ಲೇ ಕೂತಳು. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತು ಉಂಡೆವು. ನಾನು ಗೋಡೆಗೆ ಒರಗಿ, ಕಂಬಳಿಯ ಮೇಲೆ. ಯಜಮಾನರು ಅಳಿಯನಿಗೆ ಬಲವಂತ ಮಾಡಿ ಎರಡನೆಯ ಮುದ್ದೆ ಹಾಕಿಸಿದರು. ಬೀಗಿತ್ತಿ ಸಾರಿಗೆ ಉಪ್ಪು ಸಾಲದು ಅಂದರು. ಹೌದು, ಸಾಲದಾಗಿತ್ತು. ಯಾರೋ ಉಪ್ಪಿನ ಡಬ್ಬಿ ಕೊಟ್ಟರು, ಅದು ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಯಿತು.