ಪದ್ದಕ್ಕನ ಬೆನ್ನಿಗೆ ಬೂಷ್ಟು ತಂದ ಕೈ

ಪದ್ದಕ್ಕ ಇಲ್ಲವಂತೆ...
ಬೆಳಿಗ್ಗೆ ನಮ್ಮೂರು ಪೆರಾಬೆಯಿಂದ ಮೆಸೇಜ್ ಬಂದಾಗ ಯಾರೋ ತಪ್ಪಿ ಫಾರ್ವರ್ಡ್ ಮಾಡಿದ್ದು ಅಂದುಕೊಂಡೆ.
ತೊಂಬತ್ತು ದಾಟಿದವರು ಹೋದರೆ ನಂಬದೆ ಇರಲು ಎಂತ ಉಂಟು ಅಂತ ನೀವು ಕೇಳಬಹುದು.
ಪದ್ದಕ್ಕನ ವಿಷಯದಲ್ಲಿ ನಂಬುದು ಕಷ್ಟ ಮಾರಾಯ್ರೆ...
ಯಮ ಒಮ್ಮೆ ಬಂದು ಬರಿಗೈಲಿ ವಾಪಸ್ ಹೋದದ್ದನ್ನು ಕಣ್ಣಾರೆ ಕಂಡವಳು ನಾನು.

ಅರವತ್ತರ ದಶಕ. ನಾನು ನೆರೆಮನೆಯ ಇಪ್ಪತ್ತರ ಹುಡುಗಿ.
ಪದ್ದಕ್ಕ ನಮ್ಮೂರಿನ ಮಿಡಿ ಉಪ್ಪಿನಕಾಯಿಯ ಸುಪ್ರೀಂ ಕೋರ್ಟ್.
ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಭರಣಿಯಲ್ಲಿ ಕೊಳೆಯುತ್ತದೆ ಅಂತ ಯಾರನ್ನೂ ನಂಬದೆ ತಾನೇ ಮರ ಹತ್ತಿದರು.
ಒಂದು ಮಿಡಿಗೂ ಪೆಟ್ಟಾಗಲಿಲ್ಲ...
ಬಿದ್ದದ್ದು ಪದ್ದಕ್ಕ.

ಮಂಗಳೂರಲ್ಲಿ ಆಪರೇಷನ್.
ಸೊಂಟದ ಎಲುಬಿನ ಚೂರು ತೆಗೆದು ಬೆನ್ನುಮೂಳೆಗೆ ಬೆಸೆದರು. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್.
ಜೊತೆಗೆ ನಿಂತದ್ದು ನಾನು.
ಒಳಗೆ ತುರಿಕೆ ಅಂತ ಅವರು ಒದ್ದಾಡುದು ನೋಡಲಾಗದೆ, ಹಿಡಿಸೂಡಿ ಪೊರಕೆಯ ಕಡ್ಡಿಗೆ ತೆಂಗಿನೆಣ್ಣೆ ಹಚ್ಚಿ, ಪ್ಲಾಸ್ಟರಿನೊಳಗೆ ತೂರಿಸಿ ತುರಿಸಿದೆ.
ದಿನಾ... ಭಕ್ತಿಯಿಂದ.

ಜ್ವರ ಬಂತು. ಗಾಯ ಕೀವಾಗಿದೆ ಅಂತ ಪೆನಿಸಿಲಿನ್ ಚುಚ್ಚಿದರು. ಇಳಿಯಲಿಲ್ಲ.
"ಇದು ಕೀವಿನ ವಾಸನೆ ಅಲ್ಲ ಡಾಕ್ಟ್ರೇ. ಬೂಷ್ಟಿನದ್ದು. ಭರಣಿ ಮೂಸಿ ಪಳಗಿದ ನನ್ನ ಮೂಗಿಗೆ ಗೊತ್ತುಂಟು," ಅಂದರು ಪದ್ದಕ್ಕ.
ಡಾಕ್ಟರು ನಕ್ಕರು.
ಎರಡು ದಿನ ಬಿಟ್ಟು ಪ್ಲಾಸ್ಟರ್ ಕೊಯ್ದರೆ, ಗಾಯದ ಸುತ್ತ ಹತ್ತಿಯ ಹಾಗೆ ಬಿಳಿ ಬೂಷ್ಟು...
ಮೈಕ್ರೋಸ್ಕೋಪೂ ಪದ್ದಕ್ಕನ ಮೂಗಿನ ಪರವಾಗಿಯೇ ತೀರ್ಪು ಕೊಟ್ಟಿತು.
ಬೆಸೆದ ಎಲುಬಿಗೆ ಇಳಿದರೆ ಕಾಲು ಹೋಗುತ್ತದೆ, ಜೀವವೂ ಹೋಗಬಹುದು ಅಂದರು ಡಾಕ್ಟರು.
"ಕಡ್ಡಿಯ ಗೀರು ಉಂಟಲ್ಲ, ಒಳಗೆ ಹಾಕಿದ್ದು ಯಾರು?"
ನಾನು ಎಂತಾದರೂ ಹೇಳುವ ಮೊದಲೇ,
"ನಾನೇ," ಅಂದರು ಪದ್ದಕ್ಕ.
"ನಿಮ್ಮ ಕೈ ಅಲ್ಲಿಗೆ ಎಟಕುದಿಲ್ಲವಲ್ಲ?"
"ಮಾವಿನ ಮರದ ತುದಿಗೆ ಎಟಕಿದ ಕೈ ಡಾಕ್ಟ್ರೇ. ಬೆನ್ನು ಎಂತ ದೂರ?"

ಪದ್ದಕ್ಕಾ...
ಆಮೇಲೆ ನಿಮ್ಮನ್ನು ಮತ್ತೆ ಕೊಯ್ದರು.
ಮದ್ರಾಸಿನಿಂದ ತರಿಸಿದ ಮದ್ದು ರಕ್ತಕ್ಕೆ ಇಳಿಯುವಾಗೆಲ್ಲ ಮಂಚ ಸಮೇತ ನಡುಗಿದಿರಿ.
ಸುಳ್ಳು ಯಾಕೆ ಹೇಳಿದಿರಿ ಅಂತ ನಾನು ಅತ್ತರೆ, ಹಲ್ಲು ಕಟಕಟಿಸುತ್ತಲೇ,
"ನಿನ್ನನ್ನು ಓಡಿಸಿದ್ರೆ ನಂಗೆ ಗಂಜಿ ಕುಡಿಸುದು ಯಾರು ಮಾರಾಯ್ತಿ? ಆ ಕಡ್ಡಿ ಒಂದು ಬಿಸಾಡು" ಅಂದಿರಿ.
ಏಳು ತಿಂಗಳ ಮೇಲೆ, ಯಾರ ಕೈಯನ್ನೂ ಹಿಡಿಯದೆ ಮನೆಯ ಮೆಟ್ಟಿಲು ಹತ್ತಿದಿರಿ.
ನಾನು ಹಿಂದೆ ನಿಂತು ಬಾಯಿ ತೆರೆದು ನೋಡಿದೆ...

ಮತ್ತಿನದ್ದು ಇನ್ನೂ ದೊಡ್ಡದು.
"ತುರಿಸಿಕೊಂಡು ಬೆನ್ನು ಕೆಡಿಸಿಕೊಂಡವಳು" ಅಂತ ನಿಮ್ಮ ಯಜಮಾನರು ಇರುವಷ್ಟು ಕಾಲವೂ ನೆಂಟರೆದುರು ಛೇಡಿಸಿದರು.
ಮಕ್ಕಳು ನಕ್ಕರು. ಮೊಮ್ಮಕ್ಕಳೂ ನಕ್ಕರು. ನೀವೂ ನಕ್ಕಿರಿ.
ಅದೇ ಪಂಕ್ತಿಯಲ್ಲಿ ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.
ಒಮ್ಮೆಯೂ ನನ್ನ ಕಡೆ ನೋಡಲಿಲ್ಲ ನೀವು...
ಹೇಳಿಬಿಡ್ತೇನೆ ಅಂದಾಗೆಲ್ಲ "ಹೇಳಿದ್ರೆ ನಿನಗೆ ಉಪ್ಪಿನಕಾಯಿ ಬಂದ್" ಅಂತ ಹೆದರಿಸಿದಿರಿ.

ಪದ್ದಕ್ಕನ ಮಕ್ಕಳೇ, ಮೊಮ್ಮಕ್ಕಳೇ... ಇಂದು ಕೇಳಿ.
ನಿಮ್ಮ ಅಮ್ಮ ಕೆಡಿಸಿಕೊಂಡದ್ದಲ್ಲ.
ಕೆಡಿಸಿದವಳು ನಾನು.

ಹೋಗಿ ಬನ್ನಿ ಪದ್ದಕ್ಕ...
ಇನ್ನು ನೋವಿಲ್ಲದೆ ಬೆನ್ನು ಚಾಚಿ ಮಲಗಿ. ನಿಮ್ಮ ಜೀವಕ್ಕೆ ತಂಪಾಗಲಿ.