ಕಣ್ಣು ಮುಚ್ಚಲು ಒಲ್ಲದ ಪಲ್ಲವಿ

೨೦೧೪ರಲ್ಲಿ ನಾನು ಒಂದು ಟ್ರಸ್ಟ್‌ನಲ್ಲಿ ಮಕ್ಕಳ ಆಪ್ತ ಸಮಾಲೋಚಕಿಯಾಗಿದ್ದೆ. ಜಾಲಹಳ್ಳಿಯಿಂದ ಚಿಕ್ಕಬಾಣಾವರದವರೆಗಿನ ಒಂಬತ್ತು ಅಂಗನವಾಡಿಗಳು ನನ್ನ ಪಾಲಿಗೆ ಬಂದಿದ್ದವು. ಕಾರ್ಯಕ್ರಮದ ಹೆಸರು ಮೈಂಡ್‌ಫುಲ್‌ನೆಸ್. ಹೆಸರು ದೊಡ್ಡದು, ಕೆಲಸ ಸಣ್ಣದು. ಮೂರರಿಂದ ಆರು ವರ್ಷದ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಹತ್ತು ನಿಮಿಷ ಅವರ ಉಸಿರನ್ನು ಅವರೇ ಗಮನಿಸುವಂತೆ ಮಾಡಬೇಕು. ಕಷ್ಟದ ಮನೆಗಳಿಂದ ಬರುವ ಮಕ್ಕಳ ಮನಸ್ಸು ಇದರಿಂದ ಒಂದಿಷ್ಟು ಹಗುರಾದೀತು ಎಂಬ ನಂಬಿಕೆ. ಹೇಳಬೇಕಾದ ಮಾತುಗಳನ್ನು ಟ್ರಸ್ಟ್‌ನವರೇ ಅಚ್ಚು ಹಾಕಿಸಿ ಕೊಟ್ಟಿದ್ದರು. "ಪುಟಾಣಿಗಳೇ, ಈಗ ನಿಧಾನವಾಗಿ ಕಣ್ಣು ಮುಚ್ಚಿ" ಎಂದು ಶುರು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, ಅದು ಏಳುವುದನ್ನೂ ಇಳಿಯುವುದನ್ನೂ ನೋಡಿಕೊಳ್ಳಬೇಕು.

ವಾರಕ್ಕೆ ಒಂಬತ್ತು ಕಡೆ ಅದನ್ನೇ ಹೇಳಿ ಹೇಳಿ ನನ್ನ ಬಾಯಿ ತಾನಾಗಿ ಓಡುತ್ತಿತ್ತು. ಮನಸ್ಸು ಮರಗಟ್ಟಿತ್ತು. ಮಕ್ಕಳಿಗೆ ನೆಮ್ಮದಿ ಹಂಚಲು ಹೊರಟ ನನಗೆ ನೆಮ್ಮದಿಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಬಸ್ಸು ಹತ್ತುತ್ತಿದ್ದೆ, ಇಳಿಯುತ್ತಿದ್ದೆ, ಅಷ್ಟೆ.

ಚಿಕ್ಕಬಾಣಾವರದ ಕೇಂದ್ರ ರೈಲು ಹಳಿಯ ಹತ್ತಿರ ಇತ್ತು. ಪಲ್ಲವಿ ಅಲ್ಲಿಯ ನಾಲ್ಕು ವರ್ಷದ ಹುಡುಗಿ. ಉಳಿದ ಮಕ್ಕಳು ಕಣ್ಣು ಮುಚ್ಚಿದಂತೆ ನಟಿಸಿ, ಸಂದಿಯಲ್ಲಿ ಇಣುಕಿ ನಗುತ್ತಿದ್ದರು. ಅವಳು ನಟಿಸಲೂ ಒಪ್ಪಲಿಲ್ಲ. ನೀರು ಬರುವವರೆಗೂ ರೆಪ್ಪೆ ಬಡಿಯದೆ ಕೂರುತ್ತಿದ್ದಳು. ಪಕ್ಕದವರು ಕಣ್ಣು ಮುಚ್ಚಿದರೆ ಅವರ ಭುಜ ಹಿಡಿದು ಅಲುಗಾಡಿಸುತ್ತಿದ್ದಳು. ಟೀಚರ್ ಗದರಿದರೂ ಕೇಳುತ್ತಿರಲಿಲ್ಲ. ತುಂಟ ಮಗು ಎಂದುಕೊಂಡು ನಾನು ಸುಮ್ಮನಾದೆ.

ಅವಳನ್ನು ಕಂಡ ಮೂರನೆಯ ವಾರ, ನಾನು ಹೋದ ದಿನವೇ ಅವಳ ತಾಯಿ ರೇಣುಕಾ ಬಂದಳು. ಗಂಡ ಹೆಂಡತಿ ಕೊಪ್ಪಳದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಅವಳು ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅವತ್ತು ಬೆಳಿಗ್ಗೆ ಮಷೀನಿನ ಮುಂದೆ ತೂಕಡಿಸಿ ಬೆರಳಿಗೆ ಸೂಜಿ ಹೊಕ್ಕಿತ್ತು. ಇನ್ನೊಮ್ಮೆ ತೂಕಡಿಸಿದರೆ ಕೆಲಸಕ್ಕೆ ಬರುವುದೇ ಬೇಡ ಎಂದು ಸೂಪರ್‌ವೈಸರ್ ಮನೆಗೆ ಕಳಿಸಿದ್ದರಂತೆ. ಆ ಸಂಬಳ ಬಿಟ್ಟರೆ ತಾಯಿ ಮಗಳಿಗೆ ಬೇರೆ ಗತಿ ಇರಲಿಲ್ಲ. ಪಟ್ಟಿ ಸುತ್ತಿದ ಬೆರಳನ್ನು ಸೆರಗಿನಲ್ಲಿ ಹಿಡಿದು, ಬೇರೆ ಯಾರದೋ ಮನೆಯ ಸಂಗತಿ ಎಂಬಂತೆ ಹೇಳಿದಳು.

"ಇಕಿ ನಿದ್ದಿ ಮಾಡಾಕ ಬಿಡವಲ್ಲಳ್ರೀ ಮೇಡಂ. ನಾ ಕಣ್ಣು ಮುಚ್ಚಿದ್ರ ಸಾಕು, ಎರಡೂ ಕೈಲೆ ರೆಪ್ಪಿ ಎಳದು ತೆಗಿತಾಳ."

ಯಾವಾಗಿನಿಂದ ಹೀಗೆ ಎಂದು ಕೇಳಿದೆ.

"ಇವರಪ್ಪ ಕಣ್ಣು ಮುಚ್ಚಿಕೊಂಡಾಗಿಂದ್ರೀ."

ತೊಡೆಯ ಮೇಲಿದ್ದ ಪಲ್ಲವಿ ಆ ಮಾತಿಗೆ ತಿರುಗಿ, ತಾಯಿಯ ಕಣ್ಣಿನ ಕೆಳಗೆ ಹೆಬ್ಬೆರಳು ಒತ್ತಿ ನೋಡಿದಳು.

ಆಗ ನನಗೆ ಅರ್ಥವಾಯಿತು. ಸತ್ತರು ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ. ತೀರಿಕೊಂಡರು ಎನ್ನುತ್ತೇವೆ, ಕಣ್ಣು ಮುಚ್ಚಿದರು ಎನ್ನುತ್ತೇವೆ. ಎರಡು ತಿಂಗಳ ಹಿಂದೆ ಕಾಮಾಲೆಯಾಗಿ ಅವಳ ಅಪ್ಪ ಆ ಒಂದೇ ಕೋಣೆಯ ಚಾಪೆಯ ಮೇಲೆ ತೀರಿಕೊಂಡಿದ್ದ. ಮಾತಾಡಿಸಲು ಬಂದವರೆಲ್ಲ ಮಗುವಿನ ಎದುರಿಗೆ ಆಡಿದ್ದು ಅದೇ ಮಾತು. ಈಗ ನಾನು ವಾರವಾರವೂ ಬಂದು, ಇಷ್ಟು ಮಕ್ಕಳಿಗೆ ಒಟ್ಟಿಗೆ, ಜೇನಿನಂಥ ದನಿಯಲ್ಲಿ ಅದನ್ನೇ ಹೇಳುತ್ತಿದ್ದೆ. ಕೇಳಿ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಕಿವಿಗೆ ಹತ್ತಿ ತುರುಕಿದಂತೆ ಎಲ್ಲವೂ ದೂರವಾಯಿತು.

ಮಗುವಿಗೆ ನೇರವಾಗಿ ಹೇಳಿಬಿಡಿ ಎಂದೆ. ರೇಣುಕಾ ಬಹಳ ಹೊತ್ತು ಗೋಡೆಯ ಮೇಲಿನ ಹಣ್ಣುಗಳ ಚಿತ್ರ ನೋಡಿದಳು. ಸತ್ತ ಎಂಬ ಶಬ್ದವನ್ನು ಅವಳು ಇನ್ನೂ ಯಾರ ಹತ್ತಿರವೂ ಆಡಿರಲಿಲ್ಲ. ಅತ್ತೂ ಇರಲಿಲ್ಲ.

"ನನಗ ಏನೂ ಅನ್ಸವಲ್ದ್ರೀ ಮೇಡಂ," ಎಂದಳು. ನನಗೂ ಹಾಗೆಯೇ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಕೊನೆಗೆ ಮಗಳ ಮುಖ ತನ್ನ ಕಡೆ ತಿರುಗಿಸಿಕೊಂಡಳು. "ಅಪ್ಪ ಸತ್ತಾನವ್ವಾ. ಜಡ್ಡು ಬಂದು ಸತ್ತ. ಕಣ್ಣು ಮುಚ್ಚಿದ್ದಕ್ಕ ಅಲ್ಲ."

ಪಲ್ಲವಿ ಯೋಚಿಸಿದಳು. "ನೀ ಮುಚ್ಚಿದ್ರ ತೆಗಿತಿ?"

"ತೆಗಿತೀನಿ."

ಮುಚ್ಚಿದಳು, ತೆಗೆದಳು. ಮತ್ತೆ ಮುಚ್ಚಿದಳು, ಸ್ವಲ್ಪ ತಡೆದು ತೆಗೆದಳು. ಆಟ ಹೀಗೇ ನಡೆಯುತ್ತ, ಅನ್ನದ ಪಾತ್ರೆ ಒಳಗೆ ಬರುವ ಹೊತ್ತಿಗೆ ರೇಣುಕಾ ಚಾಪೆಯ ಮೇಲೆ ಒರಗಿ ನಿದ್ದೆ ಹೋಗಿದ್ದಳು. ಪಲ್ಲವಿಯ ಕೈ ತಾಯಿಯ ರೆಪ್ಪೆಯ ತನಕ ಹೋಯಿತು. ಅಲ್ಲಿ ತಡೆಯಿತು. ಆಮೇಲೆ ಕೆಳಗೆ ಬಂದು, ನಾನು ಕಲಿಸಿದಂತೆ, ತಾಯಿಯ ಹೊಟ್ಟೆಯ ಮೇಲೆ ಕೂತಿತು. ಏಳುತ್ತದೆ, ಇಳಿಯುತ್ತದೆ. ಊಟಕ್ಕೆ ಕರೆದರೂ ಅವಳು ಕೈ ತೆಗೆಯಲಿಲ್ಲ. ಟೀಚರ್ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟರು.

ಮನೆಯಲ್ಲೂ ಹಾಗೆಯೇ ಕೈಯಿಟ್ಟುಕೊಂಡು ಮಲಗಲು ಶುರು ಮಾಡಿದಳಂತೆ. ರೇಣುಕಾ ಕೆಲಸ ಉಳಿಸಿಕೊಂಡಳು. ನಾನು ಅಚ್ಚಿನ ಪಾಠದ ಮೊದಲ ಸಾಲು ಹೊಡೆದು ಹಾಕಿದೆ. ಮಗುವಿಗೆ ಒಂದು ಮಾತು ಹೇಳುವ ಮೊದಲು, ಆ ಮಾತು ಅದರ ಮನೆಯಲ್ಲಿ ಏನು ಮಾಡಿದೆ ಎಂದು ವಿಚಾರಿಸಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಮುಂದಿನ ವಾರ ಹೋದಾಗ, ಕಣ್ಣು ಮುಚ್ಚುವುದು ಬೇಡ, ತೆರೆದೇ ಇರಲಿ ಎಂದೆ. ಪಲ್ಲವಿ ಎದ್ದು ಬಂದು ಎದುರು ಕೂತು, ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು.

"ನೀವು ಮುಚ್ಚಿಕೊಳ್ರಿ ಮಿಸ್. ನಾ ನೋಡ್ತಿರ್ತೀನಿ."

ಮುಚ್ಚಿದೆ. ಎಷ್ಟೋ ತಿಂಗಳ ಮೇಲೆ, ಆ ಪುಟ್ಟ ಕೈಯ ಕೆಳಗೆ, ನಾನು ಉಸಿರಾಡುತ್ತಿರುವುದು ನನಗೆ ಗೊತ್ತಾಯಿತು.