ಗಂಟೆಗೆ ಎದ್ದವಳು ಕೇಳಿದ ಜರ್ಮನ್ ಹಾಡು

ಮನೆಗೆ ಬಟ್ಟೆ ಒಗೆಯುವ ಹೊಸ ಯಂತ್ರ ಬಂದಿದೆ. ನೀರು ಹಿಂಡುವಾಗ ಅದು ದಡ್-ದಡ್-ಟಕ್ ಎನ್ನುತ್ತದೆ. ಮೊದಲ ದಿನವೇ ನನ್ನ ಹೆಬ್ಬೆರಳೂ ತೋರುಬೆರಳೂ ಸೇರಿಕೊಂಡು ಗಾಳಿಯಲ್ಲಿ ಏನನ್ನೋ ಹಿಡಿದು ಚುಚ್ಚತೊಡಗಿದವು. ಸೊಸೆ ನೋಡಿ, "ಅತ್ತೆ, ಕೈ ನಡುಗ್ತಿದೆಯಲ್ಲ, ಡಾಕ್ಟರ್ ಹತ್ರ ಹೋಗೋಣ್ವಾ?" ಎಂದಳು. ಅದು ನಡುಕವಲ್ಲ, ಹಾಡು. ಅದೂ ಜರ್ಮನ್ ಹಾಡು. ನಗಬೇಡಿ, ಕೇಳಿ.

ನಾನು ಬೆಳೆದದ್ದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು. ಊಟದ ಹೊತ್ತು ಮುಗಿಯಿತೆಂದು ಮತ್ತೆ ಸೈರನ್ ಕೂಗಿದ ಮೇಲೂ ತಟ್ಟೆಯ ಮುಂದಿದ್ದರೆ ಅಪ್ಪ ಬೈಯುತ್ತಿರಲಿಲ್ಲ, ತಟ್ಟೆ ಎತ್ತಿಬಿಡುತ್ತಿದ್ದರು. ಇವತ್ತಿಗೂ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಾನು ಎದ್ದು ನಿಲ್ಲುವವಳೇ.

ಎಂಬತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ರೇಡಿಯೋ ಬೋರ್ಡಿನ ತೂತುಗಳಿಗೆ ಅಕ್ಕಿಕಾಳಿನಷ್ಟು ಬಿಡಿಭಾಗಗಳನ್ನು ಚುಚ್ಚಬೇಕು. ಪಕ್ಕದ ಸ್ಟೂಲಿನಲ್ಲಿ ಹೆಬ್ಬಗೋಡಿಯ ರತ್ನ. ರಾಗಿ ಹೊಲದಿಂದ ನೇರ ಬಂದವಳು. ಗಂಟೆ ಹೊಡೆಯಿತು ಎಂದು ನಾನು ಅವಸರಿಸಿದರೆ, "ಒಡೀಲಿ ಬಿಡಕ್ಕ" ಎನ್ನುವಳು.

ಒಂದು ವರ್ಷ ಜರ್ಮನಿಯಿಂದ ಯಂತ್ರ ಬಂತು. ಅದನ್ನು ಜೋಡಿಸಲು ಉದ್ದ ಕಾಲಿನ ಪೀಟರ್ ಬಂದ. ಅವನ ಟೇಪ್ ರೆಕಾರ್ಡರಿನಲ್ಲಿ ದಿನವಿಡೀ ಒಂದೇ ಹಾಡು. ತಬಲವಿಲ್ಲ, ಪಿಟೀಲಿಲ್ಲ, ಬರೀ ಸಿಂಥಸೈಸರೆಂಬ ಕರೆಂಟಿನ ವಾದ್ಯದ ದಡ್-ದಡ್-ಟಕ್, ಮತ್ತೆ ನಿದ್ದೆಯಿಂದ ಎದ್ದಂತಿದ್ದ ಒಂದು ಗಂಡುದನಿ. ಅರ್ಥವಾಗದಿದ್ದರೂ ನಮ್ಮ ಬೆರಳುಗಳು ಅದರ ತಾಳಕ್ಕೆ ಒಗ್ಗಿಕೊಂಡವು.

ಆಯುಧಪೂಜೆಯ ರಜೆಯ ಹಿಂದಿನ ದಿನ, ಊಟದ ಬಿಡುವಿನಲ್ಲಿ, ಯಂತ್ರಕ್ಕೆ ಸೇವಂತಿಗೆ ಹಾರ ಹಾಕಿ ಅದರ ಊರಿನ ಹಾಡನ್ನೇ ಹಚ್ಚಿದೆವು. "ಅವರ ಕಡೆ ದೇವರನಾಮ ಇರ್ಬೇಕು ಕಣ್ರೀ" ಎಂದು ಸೂಪರ್‌ವೈಸರ್ ಕೈಮುಗಿದರು. ರತ್ನ ಟೇಪ್ ರೆಕಾರ್ಡರಿಗೂ ಕುಂಕುಮ ಇಟ್ಟಳು. ಎಲ್ಲರೂ ನಕ್ಕೆವು.

ಪೀಟರ್ ಮಾತ್ರ ನಗಲಿಲ್ಲ. ಅವನು ಇಂಗ್ಲಿಷಿನಲ್ಲಿ ಹೇಳುತ್ತ ಹೋದ, ನಾನು ರತ್ನಳಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಅವನ ಊರಿನಲ್ಲೂ ಬೋರ್ಡ್ ಚುಚ್ಚುತ್ತಿದ್ದವರು ಹೆಂಗಸರೇ, ಅವನ ತಾಯಿಯೂ. ಬೋರ್ಡನ್ನು ತಾನೇ ಚುಚ್ಚುವ ಇಂಥದೇ ಯಂತ್ರ ಅಲ್ಲಿಗೂ ಬಂತು. ಊರಿನ ಇಬ್ಬರು ಹುಡುಗರು ಅದರ ಸದ್ದನ್ನೇ ಹಿಡಿದು ತಾಳ ಮಾಡಿ ಹಾಡು ಕಟ್ಟಿದರು. ಹಾಡಿನ ಅರ್ಥ ಇಷ್ಟೇ: ಅಮ್ಮ ಕಿಟಕಿಯ ಬಳಿ ಕೂತಿದ್ದಾಳೆ, ಬೆರಳುಗಳು ಸುಮ್ಮನಿಲ್ಲ, ಮೇಜಿನ ಮೇಲೆ ಏನೂ ಇಲ್ಲ.

ರತ್ನ ನಮ್ಮ ಸ್ಟೂಲುಗಳ ಸಾಲನ್ನು ನೋಡಿದಳು. "ಅಂಗಾದ್ರೆ ನಮ್ಮ ಗತಿ? ಇದನ್ನ ನಡೆಸಾಕೆ ಎಷ್ಟು ಜನ ಬೇಕಂತೆ, ಕೇಳಕ್ಕ."

ಕೇಳಿದೆ. ಅವನು ಒಂದು ಬೆರಳು ಎತ್ತಿದ.

ಆಗ ಗಂಟೆ ಹೊಡೆಯಿತು. ಏನೂ ಯೋಚಿಸದೆ ಎದ್ದೆ, ನನ್ನ ಕಾಲುಗಳು ನನ್ನನ್ನು ಸ್ಟೂಲಿಗೆ ಕರೆದೊಯ್ದವು. ಕೂತ ಮೇಲೆ ತಿರುಗಿ ನೋಡಿದರೆ ರತ್ನ ಅಲ್ಲೇ ಇದ್ದಳು. ಪೀಟರನ ತೋಳು ಜಗ್ಗಿ, ಯಂತ್ರದ ಗುಂಡಿಗಳನ್ನು ತೋರಿಸಿ, ತನ್ನನ್ನು ತೋರಿಸಿಕೊಂಡು, "ನಂಗೆ ಕಲ್ಸು ಗುರು" ಎನ್ನುತ್ತಿದ್ದಳು. ಅಷ್ಟಕ್ಕೆ ಅವಳಿಗೆ ನನ್ನ ಇಂಗ್ಲಿಷ್ ಬೇಕಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಸ್ಟೂಲುಗಳು ಗೋದಾಮಿಗೆ ಹೋದವು, ನಾವು ಮನೆಗೆ ಹೋದೆವು. ಯಂತ್ರದ ಮುಂದೆ ಉಳಿದವಳು ರತ್ನ. ಕೊನೆಯ ದಿನ ಗೇಟಿನವರೆಗೆ ಬಂದು, "ಅವತ್ತು ಯಾಕಕ್ಕ ಎದ್ದೋದೆ? ಇಂಗ್ಲಿಷ್ ಬರೋಳು ನೀನು. ನಿಂತಿದ್ರೆ ನಿನ್ನೇ ಕೂರ್ಸೋರು" ಎಂದಳು.

"ಗಂಟೆ ಹೊಡೀತಲ್ಲೇ" ಎಂದೆ.

ನಗಬೇಕೋ ಬೈಯಬೇಕೋ ತಿಳಿಯದೆ ಅವಳು ತನ್ನ ಬುತ್ತಿಯ ಡಬ್ಬಿಯನ್ನು ನನ್ನ ಕೈಗೆ ತುರುಕಿ ಒಳಗೆ ಓಡಿದಳು. ಆಮೇಲೆ ಬಹಳ ಕಾಲ ನಾನು ಅಕ್ಕಿಯಲ್ಲಿ ಇಲ್ಲದ ಕಲ್ಲನ್ನು ಆರಿಸುತ್ತಿದ್ದೆ.

ನಿನ್ನೆ ಯಂತ್ರ ಬಟ್ಟೆ ಹಿಂಡುತ್ತಿತ್ತು. ನಾನು ಅದರೆದುರು ಮಣೆ ಹಾಕಿಕೊಂಡು ಕೂತಿದ್ದೆ. ನನ್ನ ಮಾತ್ರೆಯ ಅಲಾರಂ ಹೊಡೆಯಿತು. ಸೊಸೆ ಅಡುಗೆಮನೆಯಿಂದ, "ಅತ್ತೆ, ಅಲಾರಂ!" ಎಂದು ಕೂಗಿದಳು.

"ಒಡೀಲಿ ಬಿಡೇ" ಎಂದೆ. ಹಾಡು ಮುಗಿಯುವವರೆಗೆ ಏಳಲಿಲ್ಲ.